ಬೆಳ್ಳುಳ್ಳಿ ಹಿತ್ತಲಿಗೆ ಎಷ್ಟು, ಒಲೆಗೆ ಎಷ್ಟು: ಮಲೆನಾಡಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ತೀರ್ಥಹಳ್ಳಿ ಕಡೆಯ ನಮ್ಮ ಮನೆ ಹಿತ್ತಲಲ್ಲಿ ಹತ್ತು ಹನ್ನೆರಡು ವರ್ಷದಿಂದ ಬೆಳ್ಳುಳ್ಳಿ ರಸ ಹೊಡೆಯುತ್ತಿದ್ದೇನೆ. ನೆಂಟರು, ಪಕ್ಕದ ಮನೆಯವರು, ಸಂತೆಯಲ್ಲಿ ಸಿಕ್ಕವರು ಕೇಳಿದ ಪ್ರಶ್ನೆಗಳೇ ಇಲ್ಲಿವೆ. ಕೆಲವು ಉತ್ತರ ನಿಮಗೆ ಇಷ್ಟ ಆಗದೇ ಇರಬಹುದು. "ಅದಕ್ಕೆ ಬೆಳ್ಳುಳ್ಳಿ ಸಾಲದು" ಅನ್ನೋ ಮಾತು ಸುಮಾರು ಸಲ ಬರುತ್ತದೆ.

ಬೆಳ್ಳುಳ್ಳಿ ಹುಳುವನ್ನು ಸಾಯಿಸುತ್ತದಾ, ಓಡಿಸುತ್ತದಾ?

ಹೆಚ್ಚಾಗಿ ಓಡಿಸುತ್ತದೆ. ಇಡೀ ಎಸಳನ್ನು ಮೂಸಿ ನೋಡಿ, ಅಷ್ಟೇನೂ ವಾಸನೆ ಇರಲ್ಲ. ಜಜ್ಜಿದ ಕೂಡಲೇ ಘಾಟು ಮೂಗಿಗೆ ಹೊಡೆಯುತ್ತದೆ. ಎಸಳಿನೊಳಗೆ ಅಲಿಯಿನ್ ಅನ್ನೋ ವಸ್ತು ಒಂದು ಕಡೆ, ಅಲಿನೇಸ್ ಅನ್ನೋ ಕಿಣ್ವ ಇನ್ನೊಂದು ಕಡೆ ಇರುತ್ತವೆ. ಜಜ್ಜಿದಾಗ ಎರಡೂ ಸೇರಿ ಅಲಿಸಿನ್ ಆಗುತ್ತದೆ. ಇದು ಬೆಳ್ಳುಳ್ಳಿ ತನ್ನನ್ನು ತಾನು ಕಾಯ್ದುಕೊಳ್ಳುವ ದಾರಿ. ಕಚ್ಚಿದ ಹುಳುವಿನ ಬಾಯಿಗೇ ಘಾಟು. ಈ ಅಲಿಸಿನ್ನನ್ನು ಮೊದಲು ಬೇರ್ಪಡಿಸಿದ್ದು 1944ರಲ್ಲಿ, ಅಮೆರಿಕದ ರಸಾಯನ ವಿಜ್ಞಾನಿಗಳು.

ಅಲಿಸಿನ್ ಜಾಸ್ತಿ ಹೊತ್ತು ನಿಲ್ಲಲ್ಲ. ಒಡೆದು ಬೇರೆ ಬೇರೆ ಗಂಧಕದ ವಸ್ತುಗಳಾಗುತ್ತದೆ. ಅವುಗಳಲ್ಲಿ ಎರಡು ಸೊಳ್ಳೆ ಮರಿಗಳನ್ನು ಕೊಲ್ಲುತ್ತವೆ ಅಂತ 1971ರಲ್ಲಿ ಮುಂಬೈನ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳು ತೋರಿಸಿಕೊಟ್ಟರು. ಅಂದರೆ ಕೊಲ್ಲುವ ಶಕ್ತಿಯೂ ಇದೆ. ಆದರೆ ಅದು ಪ್ರಯೋಗಾಲಯದ ಪಾತ್ರೆಯ ನೀರಿನಲ್ಲಿ. ನಮ್ಮ ಅಲಸಂದೆ ಬಳ್ಳಿ ನಿಂತಿರೋದು ಗಾಳಿ, ಬಿಸಿಲು, ಮಳೆಯಲ್ಲಿ.

ರಸ ಮಾಡುವುದು ಹೇಗೆ? ಅಳತೆ ಹೇಳಿ.

ನಾನು ಮಾಡುವುದು 10 ಲೀಟರ್ ನೀರಿನ ಲೆಕ್ಕ. ಬೆಳ್ಳುಳ್ಳಿ 100 ಗ್ರಾಂ, ಅಂದರೆ ಮಧ್ಯಮ ಗಾತ್ರದ ಮೂರು ಗಡ್ಡೆ. ಸೂಜಿಮೆಣಸು ಒಂದು ಹಿಡಿ. ಅದಿಲ್ಲದಿದ್ದರೆ ಖಾರದ ಹಸಿಮೆಣಸು 50 ಗ್ರಾಂ. ಬೇಕಿದ್ದರೆ ಒಂದು ತುಂಡು ಶುಂಠಿ. ಸಿಪ್ಪೆ ಸುಲಿಯುವ ಕಷ್ಟ ಬೇಡ, ಹಾಗೇ ಒರಳಿಗೋ ಮಿಕ್ಸಿಗೋ ಹಾಕಿ ನುಣ್ಣಗೆ ರುಬ್ಬಿ. ಒಂದು ಲೀಟರ್ ತಣ್ಣೀರಿಗೆ ಕಲಸಿ, ಮುಚ್ಚಿ ರಾತ್ರಿಯಿಡೀ ಬಿಡಿ. ಕುದಿಸಬೇಡಿ. ಕುದಿಸಿದರೆ ಕಿಣ್ವ ಸತ್ತು, ಘಾಟು ಆವಿಯಾಗಿ ಹೋಗುತ್ತದೆ. ಆಮೇಲೆ ಉಳಿಯುವುದು ಸಾರಿನ ನೀರು.

ಸೋಸುವ ಕೆಲಸದಲ್ಲಿ ಮಾತ್ರ ಸೋಮಾರಿತನ ಮಾಡಬೇಡಿ. ಮೊದಲ ವರ್ಷ ನಾನು ಟೀ ಸೋಸುವ ಜಾಲರಿಯಲ್ಲಿ ಸೋಸಿದ್ದೆ. ಎರಡು ಮಡಿಗೆ ಹೊಡೆಯುವಷ್ಟರಲ್ಲಿ ಪಂಪಿನ ಮೂತಿ ಕಟ್ಟಿಕೊಂಡಿತು. ಬಾಯಿಟ್ಟು ಊದಿದೆ. ಸೂಜಿಮೆಣಸು ಹಾಕಿದ್ದು ನೆನಪಾಗಿದ್ದು ಊದಿದ ಮೇಲೆ. ಈಗ ಹಳೇ ಪಂಚೆಯನ್ನು ಎರಡು ಮಡಿಕೆ ಮಾಡಿ ಸೋಸುತ್ತೇನೆ.

ಸೋಸಿದ ರಸಕ್ಕೆ ನೀರು ಸೇರಿಸಿ 10 ಲೀಟರ್ ಮಾಡಿ. ಎಲೆಗೆ ಅಂಟಲು ನಾಲ್ಕೈದು ಚಮಚ ಸೋಪಿನ ನೀರು ಹಾಕಿ, ಇಲ್ಲವೇ ಅಂಟುವಾಳ ಕಾಯಿ ನೆನೆಸಿದ ನೊರೆ ನೀರು ಒಂದು ಲೋಟ. ಬಟ್ಟೆ ಒಗೆಯುವ ಪುಡಿ ಬೇಡ, ಎಲೆ ಸುಡುತ್ತದೆ. ಬೆಳ್ಳುಳ್ಳಿಯನ್ನು ಸೀಮೆಎಣ್ಣೆಯಲ್ಲಿ ನೆನೆಸುವ ವಿಧಾನವೂ ಇದೆ. ಕೊಯ್ದು ತಿನ್ನುವ ಸೊಪ್ಪಿಗೆ ನಾನಂತೂ ಅದನ್ನು ಹಾಕಲ್ಲ.

ಯಾವಾಗ ಹೊಡೆಯಬೇಕು?

ಸಂಜೆ, ಬಿಸಿಲು ಇಳಿದ ಮೇಲೆ. ಎಲೆಯ ಕೆಳಗಡೆ ತಪ್ಪದೇ ಬೀಳಬೇಕು, ಗಿಡದ ರಸ ಹೀರುವ ಹೇನು ಅಡಗಿರೋದೇ ಅಲ್ಲಿ. ಒಮ್ಮೆ ಏಪ್ರಿಲ್‌ನಲ್ಲಿ ಕೆಲಸ ಮುಗಿಸಿಬಿಡೋಣ ಅಂತ ಮಧ್ಯಾಹ್ನ ಹನ್ನೆರಡಕ್ಕೆ ಹೊಡೆದೆ. ಮರುದಿನ ಬದನೆ ಎಲೆಯ ಅಂಚೆಲ್ಲ ಇಸ್ತ್ರಿಪೆಟ್ಟಿಗೆ ತಾಗಿದ ಹಾಗೆ ಕಂದಾಗಿತ್ತು. ಹುಳು ಮಾಡದ ನಷ್ಟ ನಾನೇ ಮಾಡಿದ್ದೆ. ಹೊಸದಾಗಿ ಶುರು ಮಾಡುವವರು ನಾಲ್ಕು ಎಲೆಗೆ ಹೊಡೆದು, ಒಂದು ದಿನ ಕಾದು ನೋಡಿ.

ಇನ್ನೊಂದು ವಿಷಯ. ಗಿಡ ಹೂ ಬಿಟ್ಟಿದ್ದರೆ ಹೂವಿಗೆ ಬೀಳದ ಹಾಗೆ ಹೊಡೆಯಿರಿ. ತುಡುವೆ ಪೆಟ್ಟಿಗೆ ಇಟ್ಟ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಬೆಳ್ಳುಳ್ಳಿ ಘಾಟಿಗೆ ಒಳ್ಳೆ ಹುಳು, ಕೆಟ್ಟ ಹುಳು ಅನ್ನೋ ಭೇದ ಇಲ್ಲ. ಜೇನು ದೂರ ಹೋದರೆ ಸೌತೆ, ಹೀರೆ ಕಾಯಿ ಕಚ್ಚುವುದು ಹೇಗೆ?

ಯಾವ ಹುಳಕ್ಕೆ ಕೆಲಸ ಮಾಡುತ್ತದೆ? ಯಾವುದಕ್ಕೆ ಇಲ್ಲ?

ಮೈ ಮೆತ್ತಗಿರುವ ಸಣ್ಣ ಹುಳುಗಳಿಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಅಲಸಂದೆ ಕುಡಿಯಲ್ಲಿ ಕಪ್ಪಗೆ ಮುತ್ತುವ ಹೇನು, ಮೆಣಸಿನ ಗಿಡದ ಬಿಳಿನೊಣ, ಹರಿವೆ ಮತ್ತು ಮೂಲಂಗಿ ಸೊಪ್ಪು ತಿನ್ನುವ ಎಳೇ ಹುಳು. ಕುಂಬಳ, ಸೌತೆಯ ಎಳೆ ಸಸಿಗೆ ಬರುವ ಕೆಂಪು ದುಂಬಿ ಎರಡು ದಿನ ದೂರ ಇರುತ್ತದೆ, ಮೂರನೇ ದಿನ ಹಾಜರು. ಅದಕ್ಕೆ ಬೆಳಿಗ್ಗೆ ಇಬ್ಬನಿ ಇರುವಾಗ ಕೈಯಲ್ಲಿ ಹಿಡಿದು ಸೋಪು ನೀರಿಗೆ ಹಾಕುವುದೇ ಸರಿ.

ದಾಸವಾಳದ ಹಿಟ್ಟು ತಿಗಣೆಗೆ ಬರೀ ಬೆಳ್ಳುಳ್ಳಿ ನಾಟಲ್ಲ. ಮೈಮೇಲೆ ಮೇಣದ ಹಿಟ್ಟು ಇದೆಯಲ್ಲ. ಮೊದಲು ಪೈಪಿನ ನೀರು ಜೋರಾಗಿ ಬಿಟ್ಟು ಉದುರಿಸಿ. ಆಮೇಲೆ ಸೋಪು ನೀರು, ಅದರ ಮೇಲೆ ಬೆಳ್ಳುಳ್ಳಿ. ಕಾಂಡದ ಮೇಲೆ ಇರುವೆ ಸಾಲು ಕಂಡರೆ ಅದನ್ನೂ ತಪ್ಪಿಸಬೇಕು. ತಿಗಣೆ ಸುರಿಸುವ ಸಿಹಿ ಅಂಟಿನ ಆಸೆಗೆ ಇರುವೆಗಳು ಅದನ್ನು ದನ ಕಾದ ಹಾಗೆ ಕಾಯುತ್ತವೆ.

ಬದನೆ ಕಾಯಿಯೊಳಗೆ ಹೊಕ್ಕ ಕೊರಕ, ಅಡಿಕೆ ಬೇರು ತಿನ್ನುವ ಗೊಣ್ಣೆ ಹುಳು, ತೆಂಗಿನ ಸುಳಿ ಕೊರೆಯುವ ದುಂಬಿ: ಇವ್ಯಾವಕ್ಕೂ ಬೆಳ್ಳುಳ್ಳಿಯ ಸುದ್ದಿಯೇ ಮುಟ್ಟಲ್ಲ. ಮಂಗಕ್ಕೂ ಅಷ್ಟೇ. ಕೇಳಿದವರು ಬಹಳ ಜನ, ಅದಕ್ಕೆ ಹೇಳಿದೆ.

ಮಳೆಗಾಲದಲ್ಲಿ ಹೊಡೆದರೆ ಪ್ರಯೋಜನ ಇದೆಯಾ?

ಇಲ್ಲ. ಆರಿದ್ರ ಮಳೆ, ಪುನರ್ವಸು ಮಳೆ ಹಿಡಿದಾಗ ಅಡಿಕೆಗೆ ಹೊಡೆಯುವ ಮೈಲುತುತ್ತವೇ ನಿಲ್ಲಲು ಕಷ್ಟಪಡುತ್ತದೆ, ಬೆಳ್ಳುಳ್ಳಿ ರಸ ಯಾವ ಲೆಕ್ಕ? ಹೊಡೆದ ಮೇಲೆ ಕನಿಷ್ಠ ಒಂದು ದಿನ ಮಳೆ ಇರಬಾರದು. ಹೊಳವಾದಾಗ ಹೊಡೆದರೂ ಮತ್ತೆ ಮಳೆ ಬಂದರೆ ಮತ್ತೆ ಹೊಡೆಯಬೇಕು. ಮಳೆ ಇಲ್ಲದ ದಿನಗಳಲ್ಲಿ ವಾರಕ್ಕೊಮ್ಮೆ ಸಾಕು, ಹೇನು ಜಾಸ್ತಿ ಇದ್ದರೆ ನಾಲ್ಕು ದಿನಕ್ಕೊಮ್ಮೆ.

ಅಡಿಕೆ ಕೊಳೆಗೆ ಬೆಳ್ಳುಳ್ಳಿ ಕಷಾಯ ಹೊಡೆಯಬಹುದಾ?

ದಯವಿಟ್ಟು ಬೇಡ. ಕೊಳೆರೋಗ ಹುಳುವಿನಿಂದ ಬರೋದಲ್ಲ. ಅದು ಫೈಟಾಫ್ತೊರ ಅನ್ನೋ, ನೀರಿನಲ್ಲಿ ಹರಡುವ ಶಿಲೀಂಧ್ರದಂಥ ಜೀವಿಯಿಂದ ಬರುವ ರೋಗ. ಅದಕ್ಕೆ ಮಳೆ ಹಿಡಿಯುವ ಮೊದಲೇ ಶೇ. 1ರ ಬೋರ್ಡೋ ದ್ರಾವಣ ಬೀಳಬೇಕು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಆಮೇಲೆ 40–45 ದಿನಕ್ಕೆ ಇನ್ನೊಂದು ಸುತ್ತು. ಬೆಳ್ಳುಳ್ಳಿ ನಂಬಿ ಆ ಮೊದಲ ಸುತ್ತು ತಪ್ಪಿಸಿಕೊಂಡರೆ ಆಮೇಲೆ ಮರದ ಬುಡದಲ್ಲಿ ಕಾಯಿ ಹೆಕ್ಕುವ ಕೆಲಸ. ಎಲೆಚುಕ್ಕಿ ರೋಗಕ್ಕೂ, ಕಾಳುಮೆಣಸಿನ ಸೊರಗು ರೋಗಕ್ಕೂ ಇದೇ ಮಾತು. ಯಾವ ರೋಗ ಅಂತ ಗೊತ್ತಾಗದಿದ್ದರೆ ಎಲೆಯನ್ನೋ ಕಾಯಿಯನ್ನೋ ತೋಟಗಾರಿಕೆ ಇಲಾಖೆಯ ಕಚೇರಿಗೋ ಕೃಷಿ ವಿಶ್ವವಿದ್ಯಾಲಯಕ್ಕೋ ಒಯ್ದು ತೋರಿಸಿ.

ಅಗ್ನಿ ಅಸ್ತ್ರ ಅಂದರೆ ಇದೇನಾ?

ಇದರ ದೊಡ್ಡಣ್ಣ. ಸುಭಾಷ್ ಪಾಳೇಕರ್ ಅವರ ಶೂನ್ಯ ಬಂಡವಾಳ ಕೃಷಿಯಿಂದ ಹೆಸರಾದ ಕಷಾಯ ಅದು. ಗೋಮೂತ್ರದಲ್ಲಿ ಬೇವಿನ ಸೊಪ್ಪು, ಹೊಗೆಸೊಪ್ಪು, ಹಸಿಮೆಣಸು, ಬೆಳ್ಳುಳ್ಳಿ ಹಾಕಿ ಕುದಿಸುತ್ತಾರೆ. ಅಲ್ಲಿ ಬೆಳ್ಳುಳ್ಳಿ ಒಂದೇ ಅಲ್ಲ, ಹೊಗೆಸೊಪ್ಪಿನ ನಿಕೋಟಿನ್ ಕೂಡ ಕೆಲಸ ಮಾಡುತ್ತದೆ. ನಿಕೋಟಿನ್ ಮನುಷ್ಯರಿಗೂ ವಿಷವೇ. ಮನೆಯಲ್ಲೇ ಮಾಡಿದ್ದು ಅಂತ ಸಲೀಸಾಗಿ ತಗೊಳ್ಳಬೇಡಿ. ಮುಖಕ್ಕೆ ಬಟ್ಟೆ, ಕೈಗೆ ಗವಸು ಇರಲಿ. ಎರಡು ದಿನದಲ್ಲಿ ಕೊಯ್ಯುವ ಸೊಪ್ಪಿಗಂತೂ ಬೇಡವೇ ಬೇಡ.

ಮಾಡಿದ ರಸ ಎಷ್ಟು ದಿನ ಇಡಬಹುದು?

ಸೋಸಿದ ದಿನವೇ ಖಾಲಿ ಮಾಡಿ. ಉಳಿದದ್ದನ್ನು ನಾನೊಮ್ಮೆ ತಂಪುಪಾನೀಯದ ಬಾಟಲಿಗೆ ತುಂಬಿ, ಮುಚ್ಚಳ ಬಿಗಿದು, ಬಚ್ಚಲ ಹಂಡೆ ಪಕ್ಕ ಇಟ್ಟು ಮರೆತೆ. ನಾಲ್ಕನೇ ದಿನ ಬೆಳಗಿನ ಜಾವ ಢಂ ಅಂತ ಸದ್ದು. ಹುಳಿ ಬಂದು ಗಾಳಿ ತುಂಬಿ ಮುಚ್ಚಳ ಮಾಡಿಗೆ ಬಡಿದಿತ್ತು. ವಾರಗಟ್ಟಲೆ ಸ್ನಾನದ ನೀರಿಗೂ ಒಗ್ಗರಣೆ ಪರಿಮಳ.

ನಮ್ಮ ಮನೆಯಲ್ಲಿ ಬೆಳ್ಳುಳ್ಳಿ ಒಳಗೆ ತರುವ ಹಾಗಿಲ್ಲ. ಏನು ಮಾಡುವುದು?

ನಮ್ಮತ್ತೆ ಮನೆಯೂ ಹಾಗೇ ಇತ್ತು. ಅಡುಗೆಗೆ ಇಂಗು. ಬೆಳ್ಳುಳ್ಳಿಗೆ ಜಾಗ ಕೊಟ್ಟಿಗೆಯಲ್ಲಿ, ಗೊಬ್ಬರದ ಚೀಲದ ಮೇಲೆ ಒಂದು ಹಳೇ ಬುಟ್ಟಿ. ರುಬ್ಬಲು ಅಂಗಳದ ಮೂಲೆಯ ಮುಕ್ಕಾದ ಒರಳು. "ಗಿಡಕ್ಕೆ ಮಡಿ ಮೈಲಿಗೆ ಇಲ್ಲ ಕಣೇ, ಹೊಡಿ" ಅಂದವರು ಅತ್ತೆಯೇ. ಒರಳು ಮಾತ್ರ ಇವತ್ತಿಗೂ ಒಳಗೆ ಬಂದಿಲ್ಲ. ಅದೂ ಬೇಡ ಅನ್ನುವವರು ಬೇವಿನ ಎಣ್ಣೆ ಬಳಸಿ. ಲೀಟರಿಗೆ 5 ಮಿಲಿ, ಜೊತೆಗೆ ಸ್ವಲ್ಪ ಸೋಪು ನೀರು. ಹುಳಕ್ಕೆ ಬೆಳ್ಳುಳ್ಳಿಗಿಂತ ಅದೇ ಮೇಲು ಅಂತ ನನ್ನ ಅನುಭವ.

ಅಕ್ಕಿಗೆ ಹುಳ ಆಗದ ಹಾಗೆ ಬೆಳ್ಳುಳ್ಳಿ ಹಾಕಿಡಬಹುದಾ?

ಹಾಕಬಹುದು. ಸಿಪ್ಪೆ ಸುಲಿಯದ ಒಣ ಎಸಳು, ಹತ್ತು ಕಿಲೋ ಅಕ್ಕಿಗೆ ಹತ್ತು ಹನ್ನೆರಡು. ಸುಲಿದು ಹಾಕಿದರೆ ಅದರ ತೇವಕ್ಕೇ ಅಕ್ಕಿ ಮುಗ್ಗುತ್ತದೆ. ಆದರೆ ನಿಜವಾದ ಕೆಲಸ ಅಕ್ಕಿ ಡಬ್ಬಿಗೆ ಹೋಗುವ ಮೊದಲಿನದು. ಮೇ ತಿಂಗಳ ಬಿಸಿಲಿಗೆ ಅಕ್ಕಿಯನ್ನೂ ಡಬ್ಬಿಯನ್ನೂ ಒಣಗಿಸಿ, ಅಕ್ಕಿ ಪೂರ್ತಿ ತಣ್ಣಗಾದ ಮೇಲೆ ತುಂಬಿ ಬಿಗಿಯಾಗಿ ಮುಚ್ಚಬೇಕು. ಆಗಲೇ ಹುಳ ಮೊಟ್ಟೆ ಇಟ್ಟ ಅಕ್ಕಿಗೆ ಬೆಳ್ಳುಳ್ಳಿ ಹಾಕಿದರೆ ಎರಡೂ ಸಿಗುತ್ತದೆ, ಹುಳವೂ ಬೆಳ್ಳುಳ್ಳಿ ವಾಸನೆಯ ಅನ್ನವೂ. ಎಸಳು ಪೊಳ್ಳಾದಾಗ ಬದಲಾಯಿಸಿ.

ಬೆಳ್ಳುಳ್ಳಿ ತಿಂದರೆ ಸೊಳ್ಳೆ ಕಚ್ಚಲ್ವಂತೆ?

ಕಚ್ಚುತ್ತದೆ. ಬೆಳ್ಳುಳ್ಳಿ ತಿಂದವರನ್ನೂ ತಿನ್ನದವರನ್ನೂ ಹೋಲಿಸಿ ಅಮೆರಿಕದಲ್ಲಿ ಪರೀಕ್ಷೆ ಮಾಡಿದ್ದಾರೆ, ವ್ಯತ್ಯಾಸ ಕಾಣಲಿಲ್ಲ. ಸೊಳ್ಳೆಪರದೆ ಕಟ್ಟಿ.

ಉಣುಗಿಗೆ? ಉಂಬಳಕ್ಕೆ?

ಉಣುಗಿನ ವಿಷಯ ಹಗುರವಾಗಿ ತಗೊಳ್ಳಬೇಡಿ. ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾಗಿದ್ದೇ ನಮ್ಮ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದನ್ನು ಹರಡುವುದು ಈ ಉಣುಗು. ದರಗು ಗುಡಿಸಲು, ಸೌದೆಗೆ, ದನ ಹುಡುಕಲು ಕಾಡಿಗೆ ಹೋಗುವವರು ಆರೋಗ್ಯ ಇಲಾಖೆ ಕೊಡುವ ಡೆಪಾ ತೈಲವನ್ನೇ ಹಚ್ಚಿಕೊಳ್ಳಬೇಕು. ಮೈತುಂಬ ಬಟ್ಟೆ ಹಾಕಬೇಕು, ಮನೆಗೆ ಬಂದ ಕೂಡಲೇ ಬಿಸಿನೀರಲ್ಲಿ ಸ್ನಾನ ಮಾಡಬೇಕು. ಅದರ ಬದಲು ಬೆಳ್ಳುಳ್ಳಿ ಎಣ್ಣೆ ಹಚ್ಚಿಕೊಂಡು ಹೋಗುವುದು ಜೀವದ ಜೊತೆ ಆಟ. ಕಾಡಿಗೆ ಹೋಗಿ ಬಂದ ಮೇಲೆ ಜ್ವರ, ತಲೆನೋವು, ಸೊಂಟನೋವು ಬಂದರೆ ಕಷಾಯ ಕುಡಿದು ಕಾಯಬೇಡಿ, ಸೀದಾ ಆಸ್ಪತ್ರೆಗೆ ಹೋಗಿ.

ಉಂಬಳಕ್ಕೆ ಹಳೇ ಮದ್ದೇ ಸರಿ: ಉಪ್ಪು, ಸುಣ್ಣ, ಹೊಗೆಸೊಪ್ಪಿನ ನೀರು. ಬೆಳ್ಳುಳ್ಳಿ ಹಚ್ಚಿಕೊಂಡು ಗದ್ದೆಗೆ ಇಳಿದು ನೋಡಿದ್ದೇನೆ. ಉಂಬಳ ಎಂದಿನಂತೆ ಹತ್ತಿತು.

ಮನೆ ಸುತ್ತ ಬೆಳ್ಳುಳ್ಳಿ ನೀರು ಚೆಲ್ಲಿದರೆ ಹಾವು ಬರಲ್ಲ ಅಂತಾರಲ್ಲ?

ಅಂತಾರೆ. ನಂಬಬೇಡಿ. ಹಾವು ಬರುವುದು ಇಲಿ, ಕಪ್ಪೆ ಹುಡುಕಿಕೊಂಡು. ಸೌದೆ ರಾಶಿ, ಹೆಂಚಿನ ರಾಶಿ ಗೋಡೆಯಿಂದ ದೂರ ಇಡಿ. ರಾತ್ರಿ ಕೊಟ್ಟಿಗೆಗೆ ಹೋಗುವಾಗ ಟಾರ್ಚ್ ಹಿಡಿಯಿರಿ. ಕಚ್ಚಿದ ಜಾಗಕ್ಕೆ ಬೆಳ್ಳುಳ್ಳಿ ಅರೆದು ಹಚ್ಚುತ್ತಾ ಕೂರಬಾರದು.

ಶೀತ, ಕೆಮ್ಮಿಗೆ ಬೆಳ್ಳುಳ್ಳಿ ನಿಜವಾಗಿ ಒಳ್ಳೇದಾ?

ಹಿತ ಕೊಡುತ್ತದೆ, ಅದರಲ್ಲಿ ಸಂಶಯವಿಲ್ಲ. ಜಡಿಮಳೆಯ ಸಂಜೆ ಕಾಳುಮೆಣಸು, ಜೀರಿಗೆ, ಜಜ್ಜಿದ ಬೆಳ್ಳುಳ್ಳಿ ಹಾಕಿದ ಸಾರನ್ನು ಲೋಟದಲ್ಲಿ ಕುಡಿದರೆ ಕಟ್ಟಿದ ಮೂಗು ಬಿಡುತ್ತದೆ, ಗಂಟಲಿಗೆ ಬಿಸಿ ತಾಗುತ್ತದೆ. ಶೀತ ಬರದ ಹಾಗೇ ತಡೆಯುತ್ತದಾ ಅಂದರೆ, ಎಲ್ಲರೂ ಎತ್ತಿ ಹೇಳುವುದು 146 ಜನರ ಮೇಲೆ ಮಾಡಿದ ಒಂದು ಪರೀಕ್ಷೆಯನ್ನು. ಅದರಲ್ಲಿ ಬೆಳ್ಳುಳ್ಳಿ ಗುಳಿಗೆ ತಿಂದವರಿಗೆ ಶೀತ ಕಡಿಮೆ ಬಂದಿತ್ತು. ಒಂದು ಪರೀಕ್ಷೆ ನಂಬಿ ಔಷಧಿ ಅನ್ನೋಕಾಗಲ್ಲ.

ಜಜ್ಜಿದ ಕೂಡಲೇ ಎಣ್ಣೆಗೆ ಹಾಕಬೇಡಿ. ಹತ್ತು ನಿಮಿಷ ಬಿಟ್ಟು ಹಾಕಿ, ಅಷ್ಟರಲ್ಲಿ ಅಲಿಸಿನ್ ಆಗಿರುತ್ತದೆ. ಕೆಸುವಿನ ಸೊಪ್ಪು ಹೆಚ್ಚುವ ಮೊದಲೇ ಬೆಳ್ಳುಳ್ಳಿ ಜಜ್ಜಿಟ್ಟರೆ ಆಯ್ತು, ಲೆಕ್ಕ ಇಡಬೇಕಾಗಿಲ್ಲ.

ಬಿಪಿ ಮಾತ್ರೆ ಬದಲು ದಿನಾ ಎರಡು ಎಸಳು ತಿಂದರೆ ಆಗುತ್ತಾ?

ಆಗಲ್ಲ. ಬೆಳ್ಳುಳ್ಳಿಯಿಂದ ಬಿಪಿ ಸ್ವಲ್ಪ ಇಳಿಯುತ್ತದೆ ಅಂತ ಹೇಳುವ ಅಧ್ಯಯನಗಳಿವೆ. ಆದರೆ ಆ "ಸ್ವಲ್ಪ" ಮಾತ್ರೆಯ ಜಾಗ ತುಂಬಲ್ಲ. ಮಾತ್ರೆ ಬಿಡಬೇಡಿ. ಊಟದಲ್ಲಿ ಬೆಳ್ಳುಳ್ಳಿ ಇರಲಿ.

ರಕ್ತ ತೆಳುವಾಗಲು ವಾರ್ಫರಿನ್, ಆಸ್ಪಿರಿನ್ ಥರದ ಮಾತ್ರೆ ತಗೊಳ್ಳುವವರು ಇನ್ನೂ ಹುಷಾರಾಗಿರಬೇಕು. ಹಸಿ ಬೆಳ್ಳುಳ್ಳಿಯನ್ನೋ ಅದರ ಗುಳಿಗೆಯನ್ನೋ ಜಾಸ್ತಿ ತಿಂದರೆ ರಕ್ತ ಹೆಪ್ಪುಗಟ್ಟುವುದು ನಿಧಾನವಾಗುತ್ತದೆ. ಆಪರೇಷನ್ ಇದ್ದರೆ ಡಾಕ್ಟರಿಗೆ ಮೊದಲೇ ಹೇಳಿ. ಹಲ್ಲು ಕೀಳಿಸುವುದಿದ್ದರೂ ಹೇಳಿ. ಸಾರಿಗೆ ಹಾಕುವ ನಾಲ್ಕು ಎಸಳಿಗೆ ಹೆದರಬೇಕಾಗಿಲ್ಲ.

ಬಾಣಂತಿಗೆ ಕೊಡಬಹುದಾ? ಮಗುವಿಗೆ ಹಾಲಿನಲ್ಲಿ ವಾಸನೆ ಬರಲ್ವಾ?

ತುಪ್ಪದಲ್ಲಿ ಹುರಿದ ಬೆಳ್ಳುಳ್ಳಿ ಬಾಣಂತಿ ಊಟದಲ್ಲಿ ಮೊದಲಿಂದಲೂ ಇದೆ. ಹಾಲಿಗೆ ವಾಸನೆ ಬರುವುದೂ ನಿಜ. ಮಜಾ ಏನು ಗೊತ್ತಾ, 1991ರಲ್ಲಿ ಅಮೆರಿಕದ ಸಂಶೋಧಕರು ನೋಡಿದಾಗ ಹಾಲಿಗೆ ಬೆಳ್ಳುಳ್ಳಿ ವಾಸನೆ ಬಂದ ಹೊತ್ತಿನಲ್ಲಿ ಮಕ್ಕಳು ಇನ್ನೂ ಹೆಚ್ಚು ಹೊತ್ತು ಮೊಲೆಗೆ ಕಚ್ಚಿಕೊಂಡಿದ್ದವು. ತಾಯಿಗೆ ಎದೆಯುರಿ ಬಂದರೆ ಕಡಿಮೆ ಮಾಡಿ, ಅಷ್ಟೇ.

ಗಾಯ, ಕಜ್ಜಿ, ಹಲ್ಲುನೋವು, ಕಿವಿನೋವಿಗೆ ಜಜ್ಜಿ ಹಚ್ಚಬಹುದಾ?

ಹಸಿ ಬೆಳ್ಳುಳ್ಳಿ ಚರ್ಮ ಸುಡುತ್ತದೆ. ನಿಜವಾಗಿಯೂ ಸುಡುತ್ತದೆ, ಬೊಕ್ಕೆ ಬರುವ ಹಾಗೆ. ಕಾಲು ಬೆರಳ ಸಂದಿಯ ಕೆಸರುಹುಣ್ಣಿಗೆ ಜಜ್ಜಿದ ಎಸಳಿಟ್ಟು, ಬಟ್ಟೆ ಕಟ್ಟಿ ಮಲಗಿದ್ದೆ. ರಾತ್ರಿ ಉರಿ ಅನ್ನಿಸಿತು. ಮದ್ದು ಹಿಡಿಯುತ್ತಿದೆ ಅಂದುಕೊಂಡೆ. ಬೆಳಿಗ್ಗೆ ಬಟ್ಟೆ ಬಿಚ್ಚಿದರೆ ಎರಡು ಬೆರಳ ನಡುವೆ ನೀರು ತುಂಬಿದ ಗುಳ್ಳೆ. ಹುಣ್ಣು ವಾಸಿಯಾಗಲು ಬೇಕಿದ್ದದ್ದು ಒಂದು ವಾರ, ಸುಟ್ಟದ್ದು ವಾಸಿಯಾಗಲು ಮೂರು ವಾರ ಹಿಡಿಯಿತು. ಮಕ್ಕಳ ಎಳೇ ಚರ್ಮಕ್ಕಂತೂ ಹಚ್ಚಲೇಬೇಡಿ. ಜ್ವರ ಬಂದ ಮಗುವಿನ ಅಂಗಾಲಿಗೆ ಕಟ್ಟುವುದೂ ಬೇಡ.

ಹಲ್ಲಿಗೆ ಇಟ್ಟರೆ ವಸಡು ಸುಡುತ್ತದೆ, ಕಿವಿಗೆ ಎಣ್ಣೆ ಬಿಟ್ಟರೆ ಒಳಗಿನ ತಮಟೆ ತೂತಾಗಿದೆಯೋ ಇಲ್ಲವೋ ನಮಗೆ ಕಾಣಲ್ಲ. ಎರಡಕ್ಕೂ ಡಾಕ್ಟರೇ ಸರಿ.

ಎಣ್ಣೆಯಲ್ಲಿ ಬೆಳ್ಳುಳ್ಳಿ ನೆನೆಸಿ ತಿಂಗಳುಗಟ್ಟಲೆ ಇಡಬಹುದಾ?

ತಿನ್ನಲು ಅಂತ ಆದರೆ ಇಡಬಾರದು. ಮಣ್ಣಿನಿಂದ ಬೆಳ್ಳುಳ್ಳಿಗೆ ಹತ್ತಿ ಬರುವ ಒಂದು ಬ್ಯಾಕ್ಟೀರಿಯಾ ಗಾಳಿ ಇಲ್ಲದ ಕಡೆ ಬೆಳೆದು ಬಾಟುಲಿಸಂ ಅನ್ನೋ ಕಾಯಿಲೆ ತರುವ ವಿಷ ಮಾಡುತ್ತದೆ. ಎಣ್ಣೆಯೊಳಗೆ ಗಾಳಿ ಇರಲ್ಲ. ವಾಸನೆಯಲ್ಲೂ ರುಚಿಯಲ್ಲೂ ಗೊತ್ತಾಗಲ್ಲ. 1985ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಹೀಗೆ ಎಣ್ಣೆಯಲ್ಲಿಟ್ಟ ಬೆಳ್ಳುಳ್ಳಿ ತಿಂದು ಹತ್ತಾರು ಜನ ಕಾಯಿಲೆ ಬಿದ್ದಿದ್ದರು. ಮಾಡಿದರೆ ಫ್ರಿಜ್‌ನಲ್ಲಿಟ್ಟು ಮೂರು ನಾಲ್ಕು ದಿನದಲ್ಲಿ ಮುಗಿಸಿ. ನಮ್ಮ ಉಪ್ಪಿನಕಾಯಿ ಬೇರೆ ಲೆಕ್ಕ. ಅದರಲ್ಲಿ ಉಪ್ಪು ಇದೆ, ಲಿಂಬೆಯ ಹುಳಿ ಇದೆ. "ಉಪ್ಪು ಕಡಿಮೆ ಮಾಡೋಣ" ಅಂತ ಕೈ ಹಿಡಿಯಬೇಡಿ.

ನಾಯಿ, ದನಕ್ಕೆ?

ನಾಯಿ, ಬೆಕ್ಕಿಗೆ ಬೆಳ್ಳುಳ್ಳಿ ತಿನ್ನಿಸಬಾರದು, ರಕ್ತದ ಕೆಂಪು ಕಣ ಒಡೆಯುತ್ತದೆ. ಉಣುಗು ಹೋಗಲಿ ಅಂತ ನಾಯಿ ಅನ್ನಕ್ಕೆ ಬೆಳ್ಳುಳ್ಳಿ ಕಲಸುವ ಅಭ್ಯಾಸ ನಿಲ್ಲಿಸಿ. ದನದ ಮೈ ಉಣುಗಿಗೆ ಬೆಳ್ಳುಳ್ಳಿ, ಬಜೆ, ಅರಿಶಿನ, ಬೇವು, ತುಳಸಿ ಅರೆದು ಹಚ್ಚುವುದು ಇದೆ. ಹಚ್ಚುವುದಿದ್ದರೆ ಹಾಲು ಕರೆದ ಮೇಲೆ. ಹಾಲು ವಾಸನೆ ಬಹಳ ಬೇಗ ಹಿಡಿಯುತ್ತದೆ. ಡೇರಿಯಲ್ಲಿ ಕ್ಯಾನ್ ಮುಚ್ಚಳ ತೆಗೆದವರು ಮುಖ ಸಿಂಡರಿಸಿದರೆ ನನ್ನನ್ನು ಬೈಯಬೇಡಿ.

ಮಲೆನಾಡಲ್ಲಿ ಬೆಳ್ಳುಳ್ಳಿ ಬೆಳೆಯಬಹುದಾ?

ಹಿತ್ತಲ ಗಿಡ ಮದ್ದಲ್ಲ ಅಂತಾರೆ. ಬೆಳ್ಳುಳ್ಳಿ ನಮಗೆ ಹಿತ್ತಲ ಗಿಡವೂ ಅಲ್ಲ. ನಮ್ಮ ಮಳೆಗೆ ಗಡ್ಡೆ ಕೊಳೆಯುತ್ತದೆ. ಸಂತೆಗೆ ಬರುವುದು ಬಯಲುಸೀಮೆಯದ್ದು, ಇಲ್ಲವೇ ದೂರದ ಮಧ್ಯಪ್ರದೇಶದ್ದು. ಅಕ್ಟೋಬರ್ ಕೊನೆಗೆ ಮಳೆ ನಿಂತ ಮೇಲೆ, ನೀರು ನಿಲ್ಲದ ಎತ್ತರದ ಮಡಿಯಲ್ಲಿ ಎಸಳು ಊರಿದರೆ ಸೊಪ್ಪು ಚೆನ್ನಾಗಿ ಬರುತ್ತದೆ. ಗಡ್ಡೆ ನೆಲ್ಲಿಕಾಯಿ ಗಾತ್ರ ಆದರೆ ಪುಣ್ಯ. ತರಕಾರಿ ಸಾಲಿನ ಮಧ್ಯೆ ನೆಟ್ಟರೆ ಹುಳ ಬರಲ್ಲ ಅಂತ ಮೂರು ವರ್ಷ ನೆಟ್ಟೆ. ನೆಟ್ಟ ಗಿಡ ಜಜ್ಜಿದ ಎಸಳಿನಂತೆ ಘಾಟು ಬಿಡಲ್ಲ. ಹೇನು ಪಕ್ಕದಲ್ಲೇ ಸುಖವಾಗಿತ್ತು.

ಮಳೆಗಾಲದಲ್ಲಿ ಬೆಳ್ಳುಳ್ಳಿ ಕೆಡದ ಹಾಗೆ ಇಡುವುದು ಹೇಗೆ?

ಪ್ಲಾಸ್ಟಿಕ್ ಚೀಲ ಬೇಡ. ಕಟ್ಟು ಮಾಡಿ ಒಲೆಯ ಮೇಲೆ, ಹೊಗೆ ತಾಗುವ ಕಡೆ ತೂಗುಹಾಕಿ. ಗ್ಯಾಸ್ ಮಾತ್ರ ಇರುವ ಮನೆಯಲ್ಲಿ ಗಾಳಿ ಆಡುವ ಬಿದಿರು ಬುಟ್ಟಿ. ಮೊಳಕೆ ಬಂದದ್ದನ್ನೂ ಸುಕ್ಕಿದ್ದನ್ನೂ ಎಸೆಯಬೇಡಿ, ಹಿತ್ತಲಿಗೆ ಹೊಡೆಯಲು ಅದೇ ಸಾಕು. 2024ರಲ್ಲಿ ಕಿಲೋಗೆ 400 ರೂಪಾಯಿ ದಾಟಿದಾಗ ನಾನು ಗಿಡಕ್ಕೆ ಹೊಡೆದದ್ದೆಲ್ಲ ಇಂಥ ಸುಕ್ಕಿದ ಎಸಳೇ. ಬೂಸ್ಟು ಹಿಡಿದದ್ದು ಮಾತ್ರ ಗೊಬ್ಬರದ ಗುಂಡಿಗೆ.

ಕೈಗೆ ಹತ್ತಿದ ವಾಸನೆ ಹೋಗುವುದು ಹೇಗೆ?

ಲಿಂಬೆ ಸಿಪ್ಪೆ ತಿಕ್ಕಿ, ತಣ್ಣೀರಲ್ಲಿ ತೊಳೆಯಿರಿ. ಸೂಜಿಮೆಣಸು ಸೇರಿಸಿ ರುಬ್ಬಿದ್ದರೆ ಮೊದಲು ತೆಂಗಿನೆಣ್ಣೆ ಹಚ್ಚಿ ಒರೆಸಿ, ಆಮೇಲೆ ಸೋಪು. ಅಲ್ಲಿಯವರೆಗೆ ಕಣ್ಣು ಮುಟ್ಟಿಕೊಳ್ಳಬೇಡಿ, ಮಗುವನ್ನೂ ಎತ್ತಿಕೊಳ್ಳಬೇಡಿ.